ತಪ್ಪಿದ ಏಟಿಗೆ ಸದ್ದಿಲ್ಲ

ಬಾಕ್ಸಿಂಗ್ ಕಲಿಯಲು ಬರುವ ಹುಡುಗರಿಗೆ ಹಳೆಯ ಪಂದ್ಯಗಳ ವಿಡಿಯೊ ತೋರಿಸುವುದು ನನ್ನ ರೂಢಿ. 2013ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಗಿಯೆರ್ಮೊ ರಿಗೊಂಡೊ–ನೊನಿಟೊ ಡೊನೇರ್ ಪಂದ್ಯ ಹಾಕಿದರೆ ನಾಲ್ಕನೇ ಸುತ್ತಿನ ಹೊತ್ತಿಗೆ ಒಂದೊಂದೇ ಮೊಬೈಲ್ ಹೊರಬರುತ್ತದೆ. ನನಗೋ ಅದು ಹಬ್ಬ.

ರಿಗೊಂಡೊ ಕ್ಯೂಬಾದವರು, ಎರಡು ಒಲಿಂಪಿಕ್ಸ್ ಚಿನ್ನ ಗೆದ್ದ ಎಡಗೈ ಬಾಕ್ಸರ್. ಡೊನೇರ್ ತಮ್ಮ ಎಡ ಹುಕ್‌ಗೆ, ಅಂದರೆ ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಏಟಿಗೆ, ಮೈಭಾರ ಸೇರಿಸುವಷ್ಟರಲ್ಲಿ ಇವರು ಅರ್ಧ ಹೆಜ್ಜೆ ಹಿಂದೆ ಸರಿದಿರುತ್ತಾರೆ. ಒಂದು ನೇರ ಏಟು ಕೊಟ್ಟು ಮತ್ತೆ ಕೈಗೆ ಸಿಗದಷ್ಟು ದೂರ. ಹತ್ತನೇ ಸುತ್ತಿನಲ್ಲಿ ರಿಗೊಂಡೊ ಒಮ್ಮೆ ನೆಲಕ್ಕೆ ಬಿದ್ದರೂ ಮೂವರು ತೀರ್ಪುಗಾರರೂ ಗೆಲುವನ್ನು ಅವರಿಗೇ ಕೊಟ್ಟರು. ಪ್ರೇಕ್ಷಕರಿಂದ ಸಿಕ್ಕಿದ್ದು ಗೇಲಿಯ ಕೂಗು. ಅಷ್ಟು ದೊಡ್ಡ ಗೆಲುವಿನ ನಂತರವೂ ದೊಡ್ಡ ಪಂದ್ಯಗಳು ಅವರಿಗೆ ಸಲೀಸಾಗಿ ಸಿಗಲಿಲ್ಲ.

ಪ್ರೇಕ್ಷಕರಿಗೆ ಆಟ ತಿಳಿಯದು ಎಂದು ನಾನೂ ಬಹಳ ದಿನ ಗೊಣಗಿದ್ದೇನೆ. ಈಗ ಹಾಗೆನ್ನಿಸುವುದಿಲ್ಲ. ರಕ್ಷಣೆ ಎಂದರೆ ಆಗಬೇಕಾದ ಏಟು ಆಗದಂತೆ ನೋಡಿಕೊಳ್ಳುವುದು. ಆಗದೇ ಹೋದದ್ದು ಮೂವತ್ತನೇ ಸಾಲಿನಲ್ಲಿ ಕೂತವರಿಗೆ ಕಾಣುವುದಾದರೂ ಹೇಗೆ? ದ್ರಾವಿಡ್ ಆಫ್ ಸ್ಟಂಪ್ ಆಚೆಯ ಚೆಂಡನ್ನು ಬಿಟ್ಟಾಗಲೂ ನಾವು ಚಪ್ಪಾಳೆ ತಟ್ಟಿದವರೇ, ನಿಜ. ಆದರೆ ಅದು ಐದು ದಿನದ ಆಟ.

ಅದೇ ಹುಡುಗರಿಗೆ 2002ರ ಮೇ ತಿಂಗಳ ಆರ್ಟುರೊ ಗ್ಯಾಟಿ–ಮಿಕಿ ವಾರ್ಡ್ ಪಂದ್ಯದ ಒಂಬತ್ತನೇ ಸುತ್ತು ತೋರಿಸಿ ನೋಡಿ. ಸುತ್ತು ಆರಂಭವಾಗಿ ಕೆಲವೇ ಕ್ಷಣಗಳಲ್ಲಿ ವಾರ್ಡ್ ಅವರ ಎಡ ಹುಕ್ ಗ್ಯಾಟಿಯ ಪಕ್ಕೆಗೆ ಬೀಳುತ್ತದೆ. ಬಲಪಕ್ಕೆಯ ಒಳಗಿರುವುದು ಪಿತ್ತಜನಕಾಂಗ. ಅಲ್ಲಿಗೆ ಏಟು ಬಿದ್ದವನ ಬುದ್ಧಿ ಸ್ವಚ್ಛವಾಗಿಯೇ ಇರುತ್ತದೆ, ಉಸಿರು ಮಾತ್ರ ನಿಂತು ಮೊಣಕಾಲು ತಾನಾಗಿ ಮಡಚಿಕೊಳ್ಳುತ್ತದೆ. ಗ್ಯಾಟಿ ಮುಖ ಕಿವುಚಿಕೊಂಡು ಕುಸಿಯುತ್ತಾರೆ, ಎಣಿಕೆ ಮುಗಿಯುವ ಮುನ್ನ ಏಳುತ್ತಾರೆ. ವಾರ್ಡ್ ಹೊಡೆದು ಹೊಡೆದು ದಣಿಯುತ್ತಾರೆ. ಆಗ ಗ್ಯಾಟಿ ತಿರುಗಿಬೀಳುತ್ತಾರೆ. ಸುತ್ತು ಮುಗಿಯುವಷ್ಟರಲ್ಲಿ ಮೇಲುಗೈ ಮತ್ತೆ ವಾರ್ಡ್ ಅವರದು.

ಪಕ್ಕೆಯ ಆ ಹುಕ್ ಇದೆಯಲ್ಲ, ಅದೂ ಅಪ್ಪಟ ತಂತ್ರವೇ. ಹಾಗಾಗಿ ಜನರಿಗೆ ತಂತ್ರದ ಮೇಲೆ ಮುನಿಸಿಲ್ಲ. ಫಲಿತಾಂಶ ಮೊದಲೇ ಗೊತ್ತಾಗಿಬಿಟ್ಟರೆ ಬೇಸರ. ಪರಿಪೂರ್ಣ ತಂತ್ರಗಾರ ಎದುರಾಳಿಗೆ ಬಾಗಿಲು ಮುಚ್ಚುವಾಗ ಪ್ರೇಕ್ಷಕರ ಕುತೂಹಲಕ್ಕೂ ಚಿಲಕ ಹಾಕಿಬಿಡುತ್ತಾನೆ. ಗ್ಯಾಟಿ 49 ಪಂದ್ಯಗಳಲ್ಲಿ ಒಂಬತ್ತು ಸೋತವರು. 2005ರಲ್ಲಿ ರಕ್ಷಣೆಗೆ ಹೆಸರಾದ ಬಾಕ್ಸರ್ ಫ್ಲಾಯ್ಡ್ ಮೇವೆದರ್ ಎದುರು ಆರು ಸುತ್ತಿಗೇ ಅವರ ಆಟ ಮುಗಿದಿತ್ತು. ಆದರೂ ರಿಗೊಂಡೊ ಗೇಲಿಗೊಳಗಾದ ಅದೇ 2013ರಲ್ಲಿ ಗ್ಯಾಟಿ ಹೆಸರು ಬಾಕ್ಸಿಂಗ್‌ನ ಹಾಲ್ ಆಫ್ ಫೇಮ್ ಸೇರಿತು.

ವಿಡಿಯೊ ಮುಗಿದ ಕೂಡಲೇ ಹುಡುಗರು ಆ ಹುಕ್ ಕಲಿಸಿ ಎಂದು ದುಂಬಾಲು ಬೀಳುತ್ತಾರೆ. ಗ್ಯಾಟಿ ಆ ಒಂದು ಸುತ್ತಿನಲ್ಲಿ ತಲೆಗೆ ತಿಂದ ಏಟುಗಳನ್ನು ಎಣಿಸಲು ಹೇಳುತ್ತೇನೆ. ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತಾರೆ. ಮರುದಿನ ಕಾಲಿನ ಅಭ್ಯಾಸ, ಅರ್ಧ ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಪಕ್ಕಕ್ಕೆ. ರಿಗೊಂಡೊ ಪಂದ್ಯ ಹಾಕುವ ದಿನ ಮಾತ್ರ ಮೊಬೈಲ್‌ಗಳನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತೇನೆ.