ನೋಂದಣಿ ಪತ್ರ ಇದ್ದರೆ ಗಣಿಯೂ ಇದೆ ಅಂತಲಾ?

ಓದುಗರ ಪ್ರಶ್ನೆ: ನಮ್ಮೂರಿಗೆ ಬಂದ ಒಬ್ಬರು ಕಲ್ಲಿದ್ದಲು ಗಣಿ ಕಂಪನಿಯ ಷೇರು ತಗೊಳ್ಳಿ ಅಂತಿದ್ದಾರೆ. ಪ್ರೈವೇಟ್ ಲಿಮಿಟೆಡ್ ಕಂಪನಿ. ನೋಂದಣಿ ಪತ್ರ ತೋರಿಸಿದರು, ಅದರ ಮೇಲೆ ಭಾರತ ಸರ್ಕಾರದ ಸಿಂಹದ ಲಾಂಛನ ಇದೆ. ಗಣಿ ಇರುವುದು ಭದ್ರಾವತಿಯಲ್ಲಂತೆ. ಸರ್ಕಾರವೇ ನೋಂದಣಿ ಮಾಡಿದೆ ಅಂದಮೇಲೆ ನಂಬಬಹುದು ಅಲ್ವಾ? (ಸಾಗರ ತಾಲ್ಲೂಕಿನಿಂದ)

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸೋಣ. ಸದ್ಯಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪ್ರೈವೇಟ್ ಲಿಮಿಟೆಡ್ ಕಂಪನಿ ಊರೂರು ತಿರುಗಿ ಕಂಡವರಿಗೆಲ್ಲ ಷೇರು ಮಾರುವ ಹಾಗೇ ಇಲ್ಲ. 2013ರ ಕಂಪನಿ ಕಾಯ್ದೆಯಲ್ಲಿ ‘ಪ್ರೈವೇಟ್’ ಅನ್ನುವ ಮಾತಿನ ಅರ್ಥವೇ ಅದು. ಸದಸ್ಯರು 200 ಮೀರಬಾರದು. ಷೇರು ಕೊಳ್ಳಿ ಅಂತ ಸಾರ್ವಜನಿಕರನ್ನು ಕರೆಯಬಾರದು. ಷೇರು ಬೇರೆಯವರ ಕೈಗೆ ದಾಟುವುದಕ್ಕೂ ಕಡಿವಾಣ ಇರಬೇಕು. ಗಣಿ ಇರಲಿ, ಇಲ್ಲದಿರಲಿ, ಪರಿಚಯವೇ ಇಲ್ಲದವರ ಜಗುಲಿಯಲ್ಲಿ ಕೂತು ಷೇರು ಮಾರುವುದೇ ತಪ್ಪು.

ಇನ್ನು ಆ ಪತ್ರದ ವಿಷಯ. ಶಿವಮೊಗ್ಗದಲ್ಲಿ ಕಂಪನಿ ಕಾಗದಪತ್ರದ ಕೆಲಸ ಮಾಡುವ ನನಗೆ ಈ ಪ್ರಶ್ನೆ ಅಡಿಕೆ ಮಾರಾಟವಾಗಿ ಕೈಯಲ್ಲಿ ದುಡ್ಡು ಓಡಾಡುವ ತಿಂಗಳುಗಳಲ್ಲಿ ಜಾಸ್ತಿ ಬರುತ್ತದೆ. ಕೇಳುವವರು ಪೆದ್ದರಲ್ಲ. ರಾಶಿ ಇಡಿ ಅಡಿಕೆಗೂ ಗೊರಬಲು ಅಡಿಕೆಗೂ ಕತ್ತಲಲ್ಲೇ ವ್ಯತ್ಯಾಸ ಹೇಳಬಲ್ಲವರು. ಆದರೆ ಸಿಂಹದ ಲಾಂಛನ ಕಂಡ ಕೂಡಲೇ ಎಲ್ಲವನ್ನೂ ಸರ್ಕಾರ ಪರೀಕ್ಷೆ ಮಾಡಿ ಮುದ್ರೆ ಒತ್ತಿದೆ ಅಂದುಕೊಳ್ಳುತ್ತಾರೆ.

ಕಂಪನಿಯ ನೋಂದಣಿ ಪತ್ರ ಅಂದರೆ ಜನನ ಪ್ರಮಾಣಪತ್ರ ಇದ್ದ ಹಾಗೆ. ಮಗು ಹುಟ್ಟಿತು, ಇಂಥ ದಿನ, ಇಂಥ ಹೆಸರು. ಅಷ್ಟೇ. ಆ ಮಗುವಿಗೆ ತೋಟ ಇದೆಯೋ ಇಲ್ಲವೋ ಅಂತ ಜನನ ಪ್ರಮಾಣಪತ್ರದಲ್ಲಿ ಯಾರೂ ಬರೆಯುವುದಿಲ್ಲ. ಪ್ರೈವೇಟ್ ಕಂಪನಿ ಕಟ್ಟಲು ಇಬ್ಬರು ಸದಸ್ಯರು, ಇಬ್ಬರು ನಿರ್ದೇಶಕರು ಸಾಕು. ಅವರೇ ಇವರೂ ಆಗಬಹುದು. ಡಿಜಿಟಲ್ ಸಹಿ, ಒಂದು ಹೆಸರು, ಒಂದು ವಿಳಾಸ, ಕಂಪನಿಯ ಉದ್ದೇಶ ಹೇಳುವ ಮೆಮೊರಾಂಡಮ್, ಒಳಗಿನ ನಿಯಮ ಹೇಳುವ ಆರ್ಟಿಕಲ್ಸ್. ಎಲ್ಲವೂ ಆನ್‌ಲೈನ್. ಕನಿಷ್ಠ ಇಷ್ಟು ಬಂಡವಾಳ ಬೇಕು ಅನ್ನುವ ನಿಯಮವನ್ನು 2015ರಲ್ಲೇ ತೆಗೆದುಹಾಕಿದರು. ಮೆಮೊರಾಂಡಮ್‌ನಲ್ಲಿ ‘ಕಲ್ಲಿದ್ದಲು ಗಣಿಗಾರಿಕೆ ನಮ್ಮ ಉದ್ದೇಶ’ ಅಂತ ಬರೆದುಕೊಳ್ಳಬಹುದು. ಗಣಿ ಎಲ್ಲಿದೆ ತೋರಿಸು ಅಂತ ಆಗ ಯಾರೂ ಕೇಳುವುದಿಲ್ಲ. ಅಷ್ಟೇ ಯಾಕೆ, ಈಗ ಹುಟ್ಟುವ ಕಂಪನಿ ಆ ಪತ್ರ ಒಂದನ್ನೇ ಹಿಡಿದು ವ್ಯವಹಾರ ಶುರು ಮಾಡುವಂತೆಯೂ ಇಲ್ಲ. ಷೇರಿಗೆ ಸಹಿ ಹಾಕಿದವರು ದುಡ್ಡು ಕಟ್ಟಿದ್ದಾರೆ ಅಂತ 180 ದಿನದೊಳಗೆ ಇನ್ನೊಂದು ಘೋಷಣೆ ಸಲ್ಲಿಸಬೇಕು.

ಹುಟ್ಟಿದ ಮೇಲೆ ಕಂಪನಿ ಕಾನೂನಿನ ಕಣ್ಣಲ್ಲಿ ಒಬ್ಬ ಬೇರೆಯೇ ವ್ಯಕ್ತಿ. ತನ್ನ ಹೆಸರಲ್ಲಿ ಆಸ್ತಿ ಮಾಡುತ್ತದೆ, ಸಾಲ ಮಾಡುತ್ತದೆ, ಕೋರ್ಟಿಗೆ ಹೋಗುತ್ತದೆ. ಮಾಲೀಕರು ಬದಲಾದರೂ ಅದು ಉಳಿಯುತ್ತದೆ. ರಾಯಚೂರಿನ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಕೊಡುವ ಸಿಂಗರೇಣಿಯನ್ನೇ ನೋಡಿ. ನಿಜಾಮರ ಕಾಲದಲ್ಲಿ, 1920ರಲ್ಲಿ ಹುಟ್ಟಿದ ಕಂಪನಿ ಅದು. ನಿಜಾಮರ ರಾಜ್ಯ ಹೋಯಿತು, ಆಂಧ್ರ ಒಡೆದು ಎರಡಾಯಿತು, ಇವತ್ತು ತೆಲಂಗಾಣ ಸರ್ಕಾರದ್ದು 51 ಪಾಲು, ಕೇಂದ್ರದ್ದು 49 ಪಾಲು. ಕಂಪನಿ ಮಾತ್ರ ಅದೇ.

ಇದರ ಇನ್ನೊಂದು ಮುಖವನ್ನೂ ನೀವು ತಿಳಿದಿರಬೇಕು. ಕಂಪನಿ ಮುಳುಗಿದರೆ ಸಾಮಾನ್ಯವಾಗಿ ಷೇರುದಾರರ, ನಿರ್ದೇಶಕರ ಮನೆ, ಜಮೀನಿಗೆ ಕೈ ಹಾಕಲು ಬರುವುದಿಲ್ಲ. ‘ಲಿಮಿಟೆಡ್’ ಅಂದರೆ ಷೇರುದಾರರ ಹೊಣೆ ಅವರ ಷೇರಿನ ದುಡ್ಡಿಗಷ್ಟೇ ಸೀಮಿತ ಅಂತ. ನಮ್ಮ ಮಲೆನಾಡಿನವರಿಗೆ ಸಹಕಾರಿ ಸೊಸೈಟಿ ಗೊತ್ತು. ಅಲ್ಲಿ ಒಬ್ಬ ಸದಸ್ಯನಿಗೆ ಒಂದು ಮತ, ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ಕಂಪನಿಯಲ್ಲಿ ಷೇರಿಗೆ ಮತ. ನೂರು ಷೇರಲ್ಲಿ ನಿಮ್ಮದು ಎರಡು ಆದರೆ ನಿಮ್ಮ ಮಾತು ನಡೆಯುವುದೂ ಅಷ್ಟೇ.

ಕಳೆದ ಸುಗ್ಗಿಯಲ್ಲಿ ಒಬ್ಬ ಹಿರಿಯರು ಇಂಥದ್ದೇ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ತಂದಿದ್ದರು. ಪತ್ರ ಅಸಲಿ. ಅದರಲ್ಲಿ 21 ಅಕ್ಷರ, ಅಂಕಿಗಳ ಒಂದು ಸಂಖ್ಯೆ ಇರುತ್ತದೆ, ಸಿಐಎನ್ ಅಂತಾರೆ. ಅದನ್ನು ಓದುವುದು ಕಲಿತರೆ ಅರ್ಧ ಕೆಲಸ ಆದ ಹಾಗೆ. ಕೋಲ್ ಇಂಡಿಯಾದ ಸಂಖ್ಯೆ ನೋಡಿ: ಎಲ್ 23109 ಡಬ್ಲ್ಯೂಬಿ 1973 ಜಿಒಐ 028844. ‘ಎಲ್’ ಅಂದರೆ ಷೇರುಪೇಟೆಯಲ್ಲಿ ಇರುವ ಕಂಪನಿ. ಐದಂಕಿ ಉದ್ಯಮದ ಸಂಕೇತ. ಆಮೇಲೆ ಪಶ್ಚಿಮ ಬಂಗಾಳ, ಹುಟ್ಟಿದ ವರ್ಷ 1973, ಭಾರತ ಸರ್ಕಾರದ ಕಂಪನಿ, ಕೊನೆಗೆ ನೋಂದಣಿ ಸಂಖ್ಯೆ. ಹಿರಿಯರು ತಂದ ಪತ್ರದ ಸಂಖ್ಯೆ ‘ಯು’ನಿಂದ ಶುರುವಾಗಿತ್ತು, ಅಂದರೆ ಷೇರುಪೇಟೆಯಲ್ಲಿ ಇಲ್ಲ. ನಡುವೆ ‘ಪಿಟಿಸಿ’, ಅಂದರೆ ಪ್ರೈವೇಟ್.

ಅವರ ಎದುರಿಗೇ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿದೆ. ಮಾಸ್ಟರ್ ಡೇಟಾ ಅನ್ನುವ ಪುಟ ತೆರೆಯಿತು. ಅಧಿಕೃತ ಬಂಡವಾಳ 5 ಕೋಟಿ. ಪಾವತಿಯಾದ ಬಂಡವಾಳ 1 ಲಕ್ಷ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಅಧಿಕೃತ ಅಂದರೆ ಇಷ್ಟರವರೆಗೆ ಷೇರು ಕೊಡಬಹುದು ಅನ್ನುವ ಮಿತಿ, ಶುಲ್ಕ ಕಟ್ಟಿ ಬರೆಸಿಕೊಂಡದ್ದು. ಷೇರುದಾರರು ನಿಜವಾಗಿ ಹಾಕಿದ ದುಡ್ಡು ಆ ಒಂದು ಲಕ್ಷ. ಮಾರುವವರು ಅವರಿಗೆ ಹೇಳಿದ್ದು ಐದು ಕೋಟಿಯ ಕಂಪನಿ ಅಂತ.

ಈಗ ಗಣಿ. ಜಮೀನು ಕೊಂಡರೆ ಕಲ್ಲಿದ್ದಲು ಅಗೆಯುವ ಹಕ್ಕು ಬರುವುದಿಲ್ಲ. 1973ರಲ್ಲಿ ಕಲ್ಲಿದ್ದಲು ಗಣಿಗಳು ರಾಷ್ಟ್ರೀಕರಣವಾದವು. ಖಾಸಗಿಯವರು ತೆಗೆದು ಮುಕ್ತವಾಗಿ ಮಾರುವುದಕ್ಕೆ ಹರಾಜು ಶುರುವಾದದ್ದು 2020ರಲ್ಲಿ. ಬ್ಲಾಕ್, ಅಂದರೆ ಕಲ್ಲಿದ್ದಲು ಅಗೆಯಲು ಗಡಿ ಗುರುತಿಸಿದ ಜಾಗ, ಕೊಡುವುದು ದೆಹಲಿಯ ಕಲ್ಲಿದ್ದಲು ಸಚಿವಾಲಯ. ಆಮೇಲೆ ಗಣಿ ಯೋಜನೆ, ಪರಿಸರ ಅನುಮತಿ, ಕಾಡು ಇದ್ದರೆ ಅರಣ್ಯ ಅನುಮತಿ, ರಾಜ್ಯ ಸರ್ಕಾರದ ಗಣಿ ಗುತ್ತಿಗೆ. ಇವುಗಳಲ್ಲಿ ಒಂದೂ ಕಂಪನಿ ನೋಂದಣಿ ಕಚೇರಿಯ ಕೆಲಸವಲ್ಲ.

ಭದ್ರಾವತಿಯ ಮಾತಿಗೆ ಬರೋಣ. ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ ಕಲ್ಲಿದ್ದಲು ಇಲ್ಲ. ನಮ್ಮ ಬಂಡೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು, ಆಗ ಭೂಮಿಯ ಮೇಲೆ ಮರವೇ ಹುಟ್ಟಿರಲಿಲ್ಲ. ಮರ ಇಲ್ಲದೆ ಕಲ್ಲಿದ್ದಲು ಎಲ್ಲಿಂದ ಬರಬೇಕು? ಅದಕ್ಕೇ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಮಲೆನಾಡಿನ ಕಾಡಿನ ಸೌದೆ ಸುಟ್ಟ ಇದ್ದಿಲಿನಿಂದ ಅದಿರು ಕರಗಿಸಬೇಕಾಯಿತು. ಕಲ್ಲಿದ್ದಲು ಇರುವ ಭದ್ರಾವತಿ ಬೇರೆ. ಅದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ತಾಲ್ಲೂಕು. ಅಲ್ಲಿನ ಬರಾಂಜ್ ಗಣಿಗೂ ನಮಗೂ ನಂಟಿದೆ. ಶರಾವತಿಯಲ್ಲಿ ಕರೆಂಟು ಮಾಡುವ ನಮ್ಮ ಕರ್ನಾಟಕ ವಿದ್ಯುತ್ ನಿಗಮವೇ ಬಳ್ಳಾರಿಯ ಸ್ಥಾವರಕ್ಕಾಗಿ ಒಂದು ಖಾಸಗಿ ಸಂಸ್ಥೆ ಜೊತೆ ಸೇರಿ ಜಂಟಿ ಕಂಪನಿ ಕಟ್ಟಿ ಅಲ್ಲಿ ಕಲ್ಲಿದ್ದಲು ತೆಗೆಸಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದ 204 ಬ್ಲಾಕ್‌ಗಳ ಹಂಚಿಕೆ ರದ್ದು ಮಾಡಿತು. ಬರಾಂಜ್ ಕೂಡ ಅದರಲ್ಲಿ ಹೋಯಿತು. ಜಂಟಿ ಕಂಪನಿಯ ನೋಂದಣಿಯನ್ನು ಕೋರ್ಟ್ ಮುಟ್ಟಲಿಲ್ಲ. ಕಂಪನಿ ಇತ್ತು, ಗಣಿ ಇರಲಿಲ್ಲ. ಆಮೇಲೆ ಹೊಸ ಕಾನೂನಿನಡಿ ಆ ಬ್ಲಾಕ್‌ಗಳು ನಿಗಮಕ್ಕೇ ನೇರವಾಗಿ ಹಂಚಿಕೆಯಾದವು. ಸರ್ಕಾರದ್ದೇ ಪಾಲಿದ್ದ ಕಂಪನಿಗೇ ಹೀಗಾಯಿತು ಅಂದಮೇಲೆ ನೋಂದಣಿ ಬೇರೆ, ಗಣಿ ಬೇರೆ ಅನ್ನುವುದಕ್ಕೆ ಇನ್ನೇನು ಹೇಳಲಿ?

ಹಾಗಾಗಿ ಆ ಮನುಷ್ಯ ಮತ್ತೆ ಬಂದರೆ ನೋಂದಣಿ ಪತ್ರ ಒಂದನ್ನೇ ನೋಡಿ ನಂಬಬೇಡಿ. ಬ್ಲಾಕಿನ ಹೆಸರೇನು, ಸಚಿವಾಲಯದ ಹಂಚಿಕೆ ಆದೇಶ ಎಲ್ಲಿ, ಗುತ್ತಿಗೆ ಪತ್ರ ಯಾವ ಕಂಪನಿಯ ಹೆಸರಲ್ಲಿದೆ ಅಂತ ಕೇಳಿ. ಪ್ರತಿಯನ್ನು ಬಿಟ್ಟು ಹೋಗಲು ಹೇಳಿ, ಸಿಐಎನ್ ಜೊತೆ ತಾಳೆ ನೋಡಿ. ನಿಮ್ಮ ಕೇರಿಯಲ್ಲಿ ಯಾರಾದರೂ ಆಗಲೇ ದುಡ್ಡು ಕೊಟ್ಟಿದ್ದರೆ ರಸೀದಿ, ಬ್ಯಾಂಕ್ ಪಾಸ್‌ಬುಕ್, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸದೆ ಇಟ್ಟುಕೊಳ್ಳಲಿ. ಬೆಂಗಳೂರಿನ ಕಂಪನಿ ರಿಜಿಸ್ಟ್ರಾರ್‌ಗೂ ಹತ್ತಿರದ ಪೊಲೀಸ್ ಠಾಣೆಗೂ ದೂರು ಕೊಡಲಿ. ನಗದು ಕೊಟ್ಟಿದ್ದರೆ ಯಾವ ದಿನ, ಎಷ್ಟು, ಎದುರಿಗೆ ಯಾರಿದ್ದರು ಅನ್ನುವುದನ್ನು ನೆನಪು ಮಾಸುವ ಮೊದಲು, ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಲಿ.