ಲ್ಯಾಬ್ ಚೀಟಿಯ ಮೇಲಿನ ಶೇಕಡಾ: ಗಾಂಜಾದ ಅಮಲನ್ನು ಅಳೆಯುವ ಕಷ್ಟ

ಕೆಲವು ವರ್ಷಗಳ ಹಿಂದೆ ಮಾನ್ವಿ ಕಡೆಯಿಂದ ನಮ್ಮ ಹತ್ತಿಯನ್ನು ರಾಯಚೂರು ಮಾರುಕಟ್ಟೆಗೆ ಒಯ್ದಿದ್ದೆವು. ಒಂದು ಕಡೆ ತೇವಾಂಶ ಶೇ 13 ಅಂದರು. ಅದೇ ಗಾಡಿ, ಅದೇ ಮಧ್ಯಾಹ್ನ, ಇನ್ನೊಂದು ಕಡೆ 11. ಸರ್ಕಾರಿ ಖರೀದಿಯಲ್ಲಿ 12 ದಾಟಿದ ಹತ್ತಿ ನಡೆಯುವುದಿಲ್ಲ. ಅಪ್ಪ ಮೀಟರ್ ಕಡೆ ನೋಡಲೇ ಇಲ್ಲ. ಹತ್ತಿಯನ್ನು ಗಾಡಿಯ ಯಾವ ಮೂಲೆಯಿಂದ ಕಿತ್ತು ತೆಗೆಯುತ್ತಾರೆ ಅಂತ ಅಳೆಯುವವರ ಕೈಗಳನ್ನೇ ನೋಡುತ್ತಿದ್ದರು.

ಗಾಂಜಾ ಪರೀಕ್ಷೆಯ ಬಗ್ಗೆ ಓದುವಾಗ ಆ ಕೈಗಳು ನೆನಪಾದವು. ಅಮೆರಿಕದ ಹಲವು ರಾಜ್ಯಗಳಲ್ಲಿ ಈಗ ಗಾಂಜಾ ಲೈಸೆನ್ಸ್ ಇರುವ ಅಂಗಡಿಯಲ್ಲೇ ಸಿಗುತ್ತದೆ. ಪೊಟ್ಟಣದ ಮೇಲೆ ಟಿಎಚ್‌ಸಿ ಶೇಕಡಾ ಎಷ್ಟು ಅಂತ ಬರೆದಿರುತ್ತಾರೆ. ಅಮಲು ಏರಿಸುವ ವಸ್ತು ಅದೇ. ಆ ಅಂಕಿಯನ್ನು ನಂಬಬಹುದಾ ಎಂಬ ಜಗಳ ಅಲ್ಲಿ ಹತ್ತು ವರ್ಷಕ್ಕಿಂತ ಹಳೆಯದು.

ಅಳೆಯುವ ಕೆಲಸ ಶುರುವಾದದ್ದೇ ತಡವಾಗಿ. 1893–94ರಲ್ಲಿ ಬ್ರಿಟಿಷ್ ಸರ್ಕಾರ ಭಾರತದ ಗಾಂಜಾ, ಚರಸ್, ಭಂಗಿ ಬಗ್ಗೆ ದೊಡ್ಡ ಆಯೋಗವನ್ನೇ ನೇಮಿಸಿತ್ತು. ಊರೂರು ಸುತ್ತಿ ಸಂಪುಟಗಟ್ಟಲೆ ವರದಿ ಬರೆದರು. ಆದರೆ ಅಮಲಿನ ಮೂಲ ವಸ್ತು ಯಾವುದು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಾದದ್ದು 1964ರಲ್ಲಿ. ಇಸ್ರೇಲಿನ ರಫಾಯೆಲ್ ಮೆಶೂಲಂ ಮತ್ತು ಯೆಹಿಯೆಲ್ ಗಾವೋನಿ ಟಿಎಚ್‌ಸಿಯನ್ನು ಬೇರ್ಪಡಿಸಿ, ಅದರ ರಚನೆ ತೋರಿಸಿದರು. ಅವರ ಸಂಶೋಧನೆಗೆ ಬಳಸಿದ ಐದು ಕೆಜಿ ಹಶೀಶ್ ಪೊಲೀಸರು ಜಪ್ತಿ ಮಾಡಿದ್ದು. ಮೆಶೂಲಂ ಅದನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲೇ ತಂದಿದ್ದರು.

ವಸ್ತು ಸಿಕ್ಕಿತು. ಅಳತೆ ಮಾತ್ರ ಸುಲಭವಾಗಲಿಲ್ಲ. ಹಸಿ ಗಿಡದಲ್ಲಿ ಜಾಸ್ತಿ ಇರುವುದು ಟಿಎಚ್‌ಸಿ ಅಲ್ಲ, ಅದರ ಆಮ್ಲ. ಹೆಸರು ಟಿಎಚ್‌ಸಿಎ. ಇದಕ್ಕೆ ಅಮಲಿಲ್ಲ. ಬೆಂಕಿ ತಾಗಿದಾಗ ಕಾರ್ಬನ್ ಡೈಆಕ್ಸೈಡ್ ಕಳೆದುಕೊಂಡು ಟಿಎಚ್‌ಸಿ ಆಗುತ್ತದೆ. ತೂಕವೂ ಇಳಿಯುತ್ತದೆ. 100 ಗ್ರಾಂ ಆಮ್ಲದಿಂದ ಹೆಚ್ಚೆಂದರೆ 87.7 ಗ್ರಾಂ ಟಿಎಚ್‌ಸಿ ಬರುತ್ತದೆ. ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರ ಸ್ಯಾಂಪಲನ್ನು ಕಾಯಿಸುತ್ತದೆ. ಹಾಗಾಗಿ ಪರೀಕ್ಷೆ ಮಾಡುವಾಗಲೇ ಒಂದು ಇನ್ನೊಂದಾಗಿ ಬದಲಾಗುತ್ತದೆ, ಅದೂ ಪೂರ್ತಿ ಆಗುತ್ತದೆ ಅಂತ ಹೇಳಲಾಗದು. ದ್ರವದ ಮೂಲಕ ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರ ಅಷ್ಟು ಕಾಯಿಸದೆ ಎರಡನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಈಗ ಬಹಳ ಲ್ಯಾಬ್‌ಗಳಲ್ಲಿ ಇದೇ ಇದೆ.

ನೀರಿನ ಲೆಕ್ಕ ಹತ್ತಿ ಬೆಳೆಯುವವರಿಗೆ ಬೇಗ ಅರ್ಥವಾಗುತ್ತದೆ. ಒಂದು ಗಾಂಜಾ ಹೂವಿನಲ್ಲಿ ಶೇ 10 ನೀರಿದೆ ಅನ್ನಿ. ಇದ್ದ ಹಾಗೇ ಅಳೆದರೆ ಟಿಎಚ್‌ಸಿ ಶೇ 18. ನೀರು ಕಳೆದು ಲೆಕ್ಕ ಹಾಕಿದರೆ 20. ಎರಡೂ ಸುಳ್ಳಲ್ಲ. ಆದರೆ ಒಂದೇ ಅಂಗಡಿಯಲ್ಲಿ ಎರಡೂ ಬಗೆಯ ಚೀಟಿ ಇದ್ದರೆ ಕೊಳ್ಳುವವನು ಮೋಸ ಹೋದ ಹಾಗೇ ಅಲ್ವಾ? ಇನ್ನು ಸ್ಯಾಂಪಲ್ ಬೇರೆ. ಗಿಡದ ತುದಿಯ ದಪ್ಪ ಹೂವಿನಲ್ಲಿ ಅಂಶ ಜಾಸ್ತಿ, ಕೆಳಗಿನ ಸಣ್ಣ ಹೂವಿನಲ್ಲಿ ಕಡಿಮೆ. ಬೆಳೆದವನೇ ಆರಿಸಿ ಕೊಟ್ಟರೆ ಯಾವುದನ್ನು ಕೊಡುತ್ತಾನೆ ಅಂತ ಹೇಳಬೇಕಾಗಿಲ್ಲ.

ಮಿಸಿಸಿಪಿ ವಿಶ್ವವಿದ್ಯಾಲಯ ದಶಕಗಳಿಂದ ಜಪ್ತಿಯಾದ ಗಾಂಜಾವನ್ನು ಪರೀಕ್ಷಿಸುತ್ತಿದೆ. 1995ರಲ್ಲಿ ಸರಾಸರಿ ಸುಮಾರು ಶೇ 4 ಇದ್ದದ್ದು 2014ಕ್ಕೆ 12ರ ಹತ್ತಿರ ಬಂತು. ಅಲ್ಲಿ ಆ ಅಂಕಿಯ ಏರಿಳಿತದ ಮೇಲೆ ಯಾರ ವ್ಯಾಪಾರವೂ ಅವಲಂಬಿಸಿರಲಿಲ್ಲ. 2014ರ ಜನವರಿ 1ರಂದು ಕೊಲೊರಾಡೊದಲ್ಲಿ ಅಂಗಡಿಗಳು ತೆರೆದ ಮೇಲೆ ಕಥೆ ಬದಲಾಯಿತು. ಶೇಕಡಾ ಜಾಸ್ತಿ ಇದ್ದರೆ ಬೆಲೆ ಜಾಸ್ತಿ. ಲ್ಯಾಬಿಗೆ ದುಡ್ಡು ಕೊಡುವವನು ಬೆಳೆಗಾರ ಅಥವಾ ಮಾರುವವನು. ಕಡಿಮೆ ತೋರಿಸುವ ಲ್ಯಾಬನ್ನು ಬಿಟ್ಟು ಜಾಸ್ತಿ ತೋರಿಸುವ ಲ್ಯಾಬಿಗೆ ಹೋಗಲು ಅವನಿಗೆ ಅಡ್ಡಿ ಇಲ್ಲ. ನನ್ನ ಪ್ರಕಾರ ಯಂತ್ರಕ್ಕಿಂತ ದೊಡ್ಡ ತೊಂದರೆ ಇದೇ. ಪ್ರಾಮಾಣಿಕ ಲ್ಯಾಬ್ ಗಿರಾಕಿ ಕಳೆದುಕೊಂಡು ಬಾಗಿಲು ಹಾಕುವ ಸ್ಥಿತಿ ಬರುತ್ತದೆ.

2018ರಲ್ಲಿ ವಾಷಿಂಗ್ಟನ್ ರಾಜ್ಯದ ಅಂಕಿಗಳನ್ನು ಸಂಶೋಧಕರು ಜಾಲಾಡಿದರು. ಕೆಲವು ಲ್ಯಾಬ್‌ಗಳು ಸದಾ ಜಾಸ್ತಿ, ಕೆಲವು ಸದಾ ಕಡಿಮೆ ತೋರಿಸುತ್ತಿದ್ದವು. 2023ರಲ್ಲಿ ಕೊಲೊರಾಡೊದ 10 ಅಂಗಡಿಗಳಿಂದ 23 ಸ್ಯಾಂಪಲ್ ಕೊಂಡು ಮತ್ತೆ ಅಳೆದರು. ಸುಮಾರು ಶೇ 70ರಷ್ಟು ಸ್ಯಾಂಪಲ್‌ಗಳಲ್ಲಿ ನಿಜವಾದ ಅಂಶ ಚೀಟಿಯಲ್ಲಿ ಬರೆದದ್ದಕ್ಕಿಂತ ಶೇ 15ಕ್ಕೂ ಮೀರಿ ಕಡಿಮೆ ಇತ್ತು. 2024ರ ಜನವರಿಯಿಂದ ಕ್ಯಾಲಿಫೋರ್ನಿಯಾ ತನ್ನ ಎಲ್ಲ ಲ್ಯಾಬ್‌ಗಳಿಗೂ ಹೂವಿನ ಪರೀಕ್ಷೆಗೆ ಒಂದೇ ವಿಧಾನ ಕಡ್ಡಾಯ ಮಾಡಿತು. ಒಳ್ಳೆಯ ಕೆಲಸ. ಆದರೆ ದುಡ್ಡು ಕೊಡುವ ಕೈ ಬದಲಾಗಲಿಲ್ಲ.

ನಮ್ಮಲ್ಲಿ ಈ ಜಗಳವೇ ಇಲ್ಲ, ಯಾಕೆಂದರೆ ಕಾನೂನು ಅಮಲನ್ನು ಕೇಳುವುದೇ ಇಲ್ಲ. 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟಿರುವ ತುದಿ. ತುದಿ ಜೊತೆಗಿಲ್ಲದ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಉಳಿದದ್ದು ತೂಕದ ಲೆಕ್ಕ. 1 ಕೆಜಿವರೆಗೆ ಸಣ್ಣ ಪ್ರಮಾಣ, 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ ಜೈಲು. ಹತ್ತಿ, ತೊಗರಿ ಸಾಲುಗಳ ನಡುವೆ ಗಿಡ ಸಿಕ್ಕಾಗ ನಮ್ಮ ಪೇಪರಿನಲ್ಲಿ ‘ಇಷ್ಟು ಕೆಜಿ ಹಸಿ ಗಾಂಜಾ ವಶ’ ಅಂತ ಬರುತ್ತದೆ. ಆ ಹಸಿ ತೂಕದಲ್ಲಿ ಕಾಂಡ ಎಷ್ಟು, ಎಲೆ ಎಷ್ಟು, ನೀರೆಷ್ಟು? ಒಬ್ಬನ ಹತ್ತು ವರ್ಷ ಅದರ ಮೇಲೆ ನಿಂತಿರಬಹುದು. ವಿಧಿವಿಜ್ಞಾನ ಪ್ರಯೋಗಾಲಯ ಸಾಮಾನ್ಯವಾಗಿ ಹೇಳುವುದು ಇದು ಗಾಂಜಾ ಹೌದೋ ಅಲ್ಲವೋ ಅಂತ ಅಷ್ಟೇ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಂಗಿ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟಾಗಲೂ ಮಾತು ಬಂದು ನಿಂತದ್ದು ಲ್ಯಾಬ್ ವರದಿಯ ಮೇಲೇ. ವರದಿ ಬರದೆ ಅದು ಯಾವುದರಿಂದ ಮಾಡಿದ್ದು ಅಂತ ಹೇಳಲಾಗದು ಅಂದಿತು ಕೋರ್ಟ್.

ಶೇಕಡಾ ಲೆಕ್ಕ ಈಗ ಇಲ್ಲಿಗೂ ಬರುತ್ತಿದೆ. ಉತ್ತರಾಖಂಡ 2018ರಲ್ಲಿ ನಾರಿನ ಸೆಣಬಿಗೆ (ಹೆಂಪ್) ಅಂತ ಈ ಗಾಂಜಾ ಗಿಡವನ್ನೇ ಬೆಳೆಯಲು ಲೈಸೆನ್ಸ್ ಕೊಟ್ಟಿತು. ಟಿಎಚ್‌ಸಿ ಶೇ 0.3 ಮೀರಬಾರದು. ಈ 0.3 ಬಂದದ್ದು 1976ರಲ್ಲಿ ಕೆನಡಾದ ಸಸ್ಯವಿಜ್ಞಾನಿ ಅರ್ನೆಸ್ಟ್ ಸ್ಮಾಲ್ ಸಹಲೇಖಕರಾಗಿ ಬರೆದ ಪ್ರಬಂಧದಿಂದ. ಗಿಡಗಳನ್ನು ವಿಂಗಡಿಸಲು ಎಳೆದ ಗೆರೆ ಅದು. ಅಲ್ಲೇ ಯಾಕೆ ಎಳೆಯಬೇಕು ಎಂಬುದಕ್ಕೆ ಪ್ರಕೃತಿಯ ಕಾರಣವಿಲ್ಲ. ಅಮೆರಿಕದಲ್ಲೂ ಸೆಣಬಿಗೆ ಇದೇ ಮಿತಿ. ಆದರೆ ಅಲ್ಲಿನ ಕೃಷಿ ಇಲಾಖೆ ಒಂದು ಮಾತು ಸೇರಿಸಿದೆ. ಅಳತೆಯ ತಪ್ಪಿನ ಅಂದಾಜನ್ನೂ ಲ್ಯಾಬ್ ವರದಿಯಲ್ಲಿ ಬರೆಯಬೇಕು. 0.35 ಬಂದು, ಆಚೀಚೆ 0.06 ತಪ್ಪಬಹುದು ಅಂತಿದ್ದರೆ ನಿಜವಾದ ಅಂಕಿ 0.29 ಕೂಡ ಇರಬಹುದು, ಹಾಗಾಗಿ ರೈತನ ಬೆಳೆ ಪಾಸು. ಅವತ್ತು ನಮ್ಮ ಹತ್ತಿಯ ಚೀಟಿಯಲ್ಲಿ ಬರೀ 13 ಅಂತಿತ್ತು.