ಬ್ಯಾಟರಿಯೊಳಗೆ ತುಂಬಿರುವುದು ಕರೆಂಟ್ ಅಲ್ಲ

ಫೋನನ್ನು ಚಾರ್ಜ್‌ಗೆ ಹಾಕಿದರೆ ಟ್ಯಾಂಕಿಗೆ ನೀರು ತುಂಬಿದ ಹಾಗೆ ಅದರೊಳಗೆ ಕರೆಂಟ್ ತುಂಬಿಕೊಳ್ಳುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಲ್ಲ. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲೂ ಖಾಲಿಯಾದ ಬ್ಯಾಟರಿಯಲ್ಲೂ ಎಲೆಕ್ಟ್ರಾನ್‌ಗಳ ಲೆಕ್ಕ ಒಂದೇ. ಅವು ಯಾವ ವಸ್ತುವಿನ ಜೊತೆ ಸೇರಿಕೊಂಡಿವೆ ಅನ್ನುವುದಷ್ಟೇ ಬದಲಾಗಿರುತ್ತದೆ. ಬ್ಯಾಟರಿ ಕೂಡಿಟ್ಟುಕೊಳ್ಳುವುದು ರಾಸಾಯನಿಕ ಶಕ್ತಿಯನ್ನು. ಕರೆಂಟ್ ಹರಿಯುವುದು ನಾವು ಸ್ವಿಚ್ ಹಾಕಿದ ಮೇಲೆ.

ಒಳಗೆ ಎರಡು ಬೇರೆ ಬೇರೆ ವಸ್ತುಗಳಿರುತ್ತವೆ. ಒಂದು ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಇನ್ನೊಂದು ಸೆಳೆದುಕೊಳ್ಳುತ್ತದೆ. ನಡುವೆ ಎಲೆಕ್ಟ್ರೊಲೈಟ್ ಅನ್ನುವ ದ್ರವವೋ ಪೇಸ್ಟೋ ಇರುತ್ತದೆ, ಅದು ಅಯಾನುಗಳನ್ನು, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳನ್ನು, ದಾಟಲು ಬಿಡುತ್ತದೆ, ಎಲೆಕ್ಟ್ರಾನ್‌ಗಳನ್ನು ಬಿಡುವುದಿಲ್ಲ. ಹಾಗಾಗಿ ಆಚೆ ಬದಿ ತಲುಪಬೇಕಾದರೆ ಎಲೆಕ್ಟ್ರಾನ್‌ಗೆ ಹೊರಗಿನ ತಂತಿಯೊಂದೇ ದಾರಿ. ಆ ದಾರಿಯಲ್ಲಿ ಬಲ್ಬನ್ನೋ ಮೋಟಾರನ್ನೋ ಇಟ್ಟು ನಾವು ಕೆಲಸ ತೆಗೆದುಕೊಳ್ಳುತ್ತೇವೆ.

1800ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಮಾಡಿದ್ದೂ ಇದನ್ನೇ. ಸತುವಿನ ಬಿಲ್ಲೆ, ತಾಮ್ರದ ಬಿಲ್ಲೆ, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡು, ಹೀಗೆ ಒಂದರ ಮೇಲೊಂದು ಪೇರಿಸಿದ. ಅಲ್ಲಿಯವರೆಗೆ ಮನುಷ್ಯನ ಕೈಗೆ ಸಿಕ್ಕಿದ್ದ ವಿದ್ಯುತ್ತು ಅಂದರೆ ಕ್ಷಣದಲ್ಲಿ ಮುಗಿದುಹೋಗುವ ಕಿಡಿ. ನಿಲ್ಲದೆ ಹರಿಯುವ ಕರೆಂಟ್ ಮೊದಲು ಸಿಕ್ಕಿದ್ದು ಈ ಬಿಲ್ಲೆಗಳ ರಾಶಿಯಿಂದ. ಅದೇ ವರ್ಷ ಇಬ್ಬರು ಇಂಗ್ಲಿಷರು ಅದನ್ನು ಬಳಸಿ ನೀರನ್ನೇ ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆದರು. 1807ರಲ್ಲಿ ಹಂಫ್ರಿ ಡೇವಿ ಸೋಡಿಯಂ ಮತ್ತು ಪೊಟ್ಯಾಸಿಯಂ ಲೋಹಗಳನ್ನು ಬೇರ್ಪಡಿಸಿದ್ದೂ ಬ್ಯಾಟರಿಯಿಂದಲೇ. ಎಷ್ಟು ದೊಡ್ಡ ತಿರುವು ಅಲ್ವಾ!

ವೋಲ್ಟೇಜ್ ಎಷ್ಟು ಅನ್ನುವುದನ್ನು ಹೇಳುವುದು ಈ ಎರಡು ವಸ್ತುಗಳ ಜೋಡಿ, ಬ್ಯಾಟರಿಯ ಗಾತ್ರ ಅಲ್ಲ. ರಿಮೋಟಿನ ಸಣ್ಣ ಸೆಲ್ಲೂ 1.5 ವೋಲ್ಟ್, ದೊಡ್ಡ ಟಾರ್ಚಿನ ದಪ್ಪ ಸೆಲ್ಲೂ 1.5 ವೋಲ್ಟ್. ದಪ್ಪ ಸೆಲ್ ಜಾಸ್ತಿ ದಿನ ಬರುತ್ತದೆ, ಅಷ್ಟೇ. ಸೀಸ ಮತ್ತು ಆಸಿಡ್ ಇರುವ ಕಾರಿನ ಬ್ಯಾಟರಿಯಲ್ಲಿ ಒಂದೊಂದು ಸೆಲ್ ಸುಮಾರು 2 ವೋಲ್ಟ್ ಕೊಡುತ್ತದೆ, ಆರು ಸೆಲ್ ಸಾಲಾಗಿ ಜೋಡಿಸಿದರೆ 12.

ಫೋನಿನಲ್ಲಿರುವ ಲಿಥಿಯಂ ಅಯಾನ್ ಸೆಲ್ ಒಂದೇ ಸುಮಾರು 3.7 ವೋಲ್ಟ್ ಕೊಡುತ್ತದೆ, ಲಿಥಿಯಂ ತುಂಬಾ ಹಗುರವಾದ ಲೋಹ ಬೇರೆ. ಅದಕ್ಕೇ ಇಷ್ಟು ತೆಳ್ಳಗಿನ ಫೋನ್ ಸಾಧ್ಯವಾಗಿದ್ದು. ಇಲ್ಲಿ ಲಿಥಿಯಂ ಅಯಾನುಗಳು ಚಾರ್ಜ್ ಮಾಡುವಾಗ ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರುತ್ತವೆ, ಬಳಸುವಾಗ ವಾಪಸ್ ಇನ್ನೊಂದು ಬದಿಯ ಲೋಹದ ಆಕ್ಸೈಡಿಗೆ ಬರುತ್ತವೆ. 1991ರಲ್ಲಿ ಸೋನಿ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಇದಕ್ಕೆ ದಾರಿ ಮಾಡಿದ ವಿಟಿಂಗ್‌ಹ್ಯಾಮ್, ಗುಡಿನಫ್, ಯೋಶಿನೊ ಮೂವರಿಗೆ ನೊಬೆಲ್ ಸಿಕ್ಕಿದ್ದು 2019ರಲ್ಲಿ. ಆಗ ಗುಡಿನಫ್ ಅವರಿಗೆ 97 ವರ್ಷ!

ಈಗ ದಿನನಿತ್ಯದ ವಿಷಯ. ಫೋನ್ ಬ್ಯಾಟರಿ ಪೂರ್ತಿ ಸೊನ್ನೆಗೆ ಇಳಿದ ಮೇಲೆಯೇ ಚಾರ್ಜ್ ಮಾಡಬೇಕು ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಅದು ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು, ದಯವಿಟ್ಟು ಬಿಟ್ಟುಬಿಡಿ. ಲಿಥಿಯಂ ಬ್ಯಾಟರಿಗೆ ಆಗದೇ ಇರುವುದು ಬಿಸಿ. ಗ್ರಾಫೈಟಿನ ಮೇಲೆ ಮೊದಲ ಚಾರ್ಜಿನಲ್ಲೇ ಒಂದು ತೆಳು ಪದರ ಕಟ್ಟುತ್ತದೆ. ಆ ಪದರ ಬೇಕೇ ಬೇಕು, ಅದಿಲ್ಲದಿದ್ದರೆ ಎಲೆಕ್ಟ್ರೊಲೈಟ್ ಕೆಡುತ್ತಲೇ ಹೋಗುತ್ತದೆ. ಆದರೆ ವರ್ಷಗಟ್ಟಲೆ ಅದು ನಿಧಾನವಾಗಿ ದಪ್ಪವಾಗುತ್ತಾ ಕೆಲಸಕ್ಕೆ ಬರಬೇಕಾದ ಲಿಥಿಯಮ್ಮನ್ನು ತಿಂದುಹಾಕುತ್ತದೆ, ಬಿಸಿ ಇದ್ದರೆ ಇನ್ನೂ ಬೇಗ. ಹಾಗಾಗಿ ದಿಂಬಿನ ಕೆಳಗೆ, ಸುಡುಬಿಸಿಲಿನಲ್ಲಿ ಫೋನ್ ಚಾರ್ಜ್ ಮಾಡಬೇಡಿ. ಸದಾ 100ರಲ್ಲೇ ಇಡುವುದಕ್ಕಿಂತ 20ರಿಂದ 80ರ ನಡುವೆ ಇಟ್ಟರೆ ಬಾಳಿಕೆ ಜಾಸ್ತಿ.

ಆಸಿಡ್ ಬ್ಯಾಟರಿಯದ್ದು ಇದಕ್ಕೆ ತದ್ವಿರುದ್ಧ. ಖಾಲಿಯಾಗಿ ಬಿಟ್ಟರೆ ಅದರ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದು ಕಷ್ಟ. ತಿಂಗಳುಗಟ್ಟಲೆ ಬಳಸದೆ ಇಡುವುದಿದ್ದರೆ ಆಸಿಡ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಲಿಥಿಯಮ್ಮನ್ನು ಅರ್ಧಕ್ಕೆ ಇಡಿ. ಊದಿಕೊಂಡ ಲಿಥಿಯಂ ಬ್ಯಾಟರಿಯನ್ನಂತೂ ಮತ್ತೆ ಚಾರ್ಜ್ ಮಾಡಬೇಡಿ, ಚುಚ್ಚಲೂಬೇಡಿ. ಒಳಗೆ ಅನಿಲ ಸೇರಿರುತ್ತದೆ, ಬೆಂಕಿ ಹೊತ್ತಿಕೊಳ್ಳಬಹುದು.